ಅಕ್ಕ ಕೇಳಿದ ಮೋರಿ

ಈ ಕಥೆಯನ್ನು ನನಗೆ ಮೊದಲು ಹೇಳಿದವನು ನಮ್ಮ ಸಂಸ್ಥೆಯ ಜೀಪಿನ ಡ್ರೈವರು. ಕಥೆಯಲ್ಲಿ ನಾನೂ ಇದ್ದೇನೆ, ನನ್ನ ಒಡಹುಟ್ಟಿದ ಅಕ್ಕನೂ ಇದ್ದಾಳೆ, ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆದದ್ದು. ಆದರೂ ಏನು ನಡೆಯಿತು ಎಂದು ನನಗೆ ತಿಳಿದದ್ದು ಅವನು ಹೇಳಿದ ಮೇಲೆಯೇ. ಸಮುದಾಯ ಅಭಿವೃದ್ಧಿಯ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಊರಿಗೆ ಅಭಿವೃದ್ಧಿ ಬಂದಾಗ ಮೊದಲು ಗುರುತು ಹಿಡಿಯುವುದು ನಾಯಿ, ಆಮೇಲೆ ಡ್ರೈವರು, ಕೊನೆಗೆ ನಾವು.

ನನ್ನ ಕೆಲಸದ ಹೆಸರು ಕ್ಷೇತ್ರ ಕಾರ್ಯಕರ್ತ. ಕೋಲಾರದಲ್ಲಿ ಆಫೀಸು, ಸುತ್ತಲ ತಾಲ್ಲೂಕುಗಳಲ್ಲಿ ಕ್ಷೇತ್ರ. ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಉಂಡು ಹೊರಟರೆ ಸಂಜೆವರೆಗೆ ಊರೂರು. ಕೆಲಸಕ್ಕೆ ಸೇರಿದ ದಿನ ನಮಗೆ ಮೂರು ತತ್ವ ಕಲಿಸಿದ್ದರು. ಬೇಕಾದ್ದನ್ನು ಜನರೇ ಕೇಳಬೇಕು, ಕೆಲಸವನ್ನು ಜನರೇ ಮಾಡಬೇಕು, ಆದದ್ದನ್ನು ಜನರೇ ಕಾಪಾಡಬೇಕು. ಇದನ್ನು ಸಂಭ್ರಮದಿಂದ ಹೋಗಿ ಅಕ್ಕನ ಗಂಡನಿಗೆ, ಅಂದರೆ ನನ್ನ ಭಾವನಿಗೆ ಹೇಳಿದೆ. ಅರಳಿಕಟ್ಟೆಯ ಮೇಲೆ ಒರಗಿದ್ದ ಆತ ಎದ್ದು ಕೂಡ ಕೂರದೆ ಕೇಳಿದ:

"ಎಲ್ಲಾನೂ ಜನರೇ ಮಾಡಿದ್ರೆ ನೀನೇನ್ ಮಾಡ್ತೀಯ ಬಾಮರ್ದೀ?"

"ಮಾಡೋ ಹಾಗೆ ಮಾಡ್ತೀನಿ ಭಾವ."

"ಹಾಗಾದ್ರೆ ದೇವರ ಕೆಲಸ ಅನ್ನು. ಸಂಬಳ ಬೇರೆ ಕೊಡ್ತಾರೆ."

ಜನರೇ ಕೇಳಬೇಕು

ಅಕ್ಕನನ್ನು ಕೊಟ್ಟಿರುವುದು ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಯಲ್ದೂರಿನಿಂದ ಸ್ವಲ್ಪ ಒಳಕ್ಕಿರುವ ಒಂದು ಊರಿಗೆ. ಸುತ್ತ ಮಾವಿನ ತೋಪು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳ ಎರಡರಲ್ಲೂ. ಮನೆಗಳೆಲ್ಲ ಒಂದು ದಡಕ್ಕೆ, ಹಾಲಿನ ಡೈರಿ ಇನ್ನೊಂದು ದಡಕ್ಕೆ, ನಡುವೆ ಕೆರೆಗೆ ಹೋಗುವ ಕಾಲುವೆ. ಅಕ್ಕ ಮದುವೆಯಾಗಿ ಬಂದ ಕಾಲಕ್ಕೆ ಆ ಕಾಲುವೆಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರು, ಅಷ್ಟು ಒಣಗಿತ್ತು. ಈಗ ಮೇಲಿನ ಕೆರೆಗೆ ನೀರು ತುಂಬಿಸುತ್ತಾರಾಗಿ ಅದರಲ್ಲಿ ಯಾವಾಗಲೂ ಹರಿವು, ತಳದಲ್ಲಿ ಪಾಚಿ. ದಾಟಲು ನಾಲ್ಕು ಗುಂಡುಕಲ್ಲು ಇಟ್ಟಿದ್ದಾರೆ. ಗುಂಡುಕಲ್ಲು ಅಂದ ಮೇಲೆ ಉರುಳುವುದೇ ಅದರ ಧರ್ಮ. ಅಕ್ಕ ಬೆಳಗ್ಗೆ ಸಂಜೆ ಹಾಲಿನ ಕ್ಯಾನು ಸೊಂಟಕ್ಕಿಟ್ಟುಕೊಂಡು ಅದರ ಮೇಲೆಯೇ ದಾಟಬೇಕು. ಪಂಚಾಯಿತಿಯನ್ನು ಕೇಳಿದರೆ ಕಾಲುವೆ ನಮ್ಮದಲ್ಲ ಎಂದರು. ಕಾಲುವೆಯವರನ್ನು ಕೇಳಿದರೆ ದಾಟುವವರು ನಮ್ಮವರಲ್ಲ ಎಂದರು. ಊರವರೇ ಒಂದು ಚಪ್ಪಡಿ ತಂದು ಹಾಕೋಣವೆಂದರೆ, ಅದು ಮೇಲಿನ ಬೀದಿಯ ಎದುರಿಗೋ ಕೆಳಗಿನ ಬೀದಿಯ ಎದುರಿಗೋ ಎಂಬ ಜಗಳವೇ ಇನ್ನೂ ಮುಗಿದಿರಲಿಲ್ಲ.

ಹೀಗಿರುವಾಗ ನಮ್ಮ ಸಂಸ್ಥೆ ಆ ಊರನ್ನು ಆರಿಸಿಕೊಂಡಿತು. ಬೆಂಗಳೂರಿನಿಂದ ಮೇಡಂ ಬಂದರು. ಒಳ್ಳೆಯವರು, ದೊಡ್ಡಸ್ತಿಕೆ ಇಲ್ಲದವರು. ಊರವರು ಕುರ್ಚಿ ತಂದರೆ ಬೇಡವೆಂದು ನೆಲದ ಮೇಲೆ ಕೂತರು. ಅವರು ನೆಲದ ಮೇಲೆ ಕೂತರಲ್ಲ ಎಂದು ಊರವರು ಯಾರೂ ಕೂರಲಿಲ್ಲ. ಕುರ್ಚಿ ತಂದವನು ಅದನ್ನು ಕೆಳಗಿಡಬೇಕೋ ಬಿಡಬೇಕೋ ತಿಳಿಯದೆ ಸಭೆ ಮುಗಿಯುವವರೆಗೆ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದ.

"ನಿಮಗೆ ಏನು ಬೇಕು ಹೇಳಿ" ಎಂದರು ಮೇಡಂ.

ಮೊದಲು ಭಾವ ಅಂದ: "ನೀವೇನ್ ತಂದಿದ್ದೀರೋ ಅದನ್ನ ಹೇಳಿ ಮೇಡಂ. ಅದೇ ಬೇಕು ಅಂತೀವಿ. ಇಬ್ಬರಿಗೂ ಸಲೀಸು."

"ಹಾಗಲ್ಲ. ನಾವೇನೂ ತಂದಿಲ್ಲ. ಅಗತ್ಯ ನಿಮ್ಮ ಬಾಯಿಂದ ಬರಬೇಕು."

ಆಗ ಹಿಂದೆ ನಿಂತಿದ್ದ ಅಕ್ಕ ಮುಂದೆ ಬಂದಳು. "ನಮಗೊಂದು ಮೋರಿ ಮಾಡಿಸಿಕೊಡಿ ತಾಯಿ. ಅಷ್ಟೇ ಸಾಕು."

ಪಕ್ಕದ ಮನೆಯ ಮುದುಕಿಯೂ ಕೂಡಲೇ "ಅವುನಮ್ಮಾ, ಮೋರೀನೇ ಕಾವಾಲ" ಎಂದು ತೆಲುಗಿನಲ್ಲಿ ಸಾಕ್ಷಿ ಹೇಳಿದಳು. ಹೆಂಗಸರೆಲ್ಲ ಒಂದೇ ದನಿಯಲ್ಲಿ ಮೋರಿ ಮೋರಿ ಎಂದರು. ಮೇಡಂ ಕಣ್ಣು ತುಂಬಿಕೊಂಡರು. ಹಿಂತಿರುಗುವಾಗ ಜೀಪಿನಲ್ಲಿ ನನಗೆ ಹೇಳಿದರು: "ನೋಡಿದ್ರಾ, ಈ ಹೆಂಗಸರಿಗೆ ನೈರ್ಮಲ್ಯದ ಬಗ್ಗೆ ಎಷ್ಟು ಅರಿವಿದೆ!"

ಹಾಲಿಗೆ ಕಾಲುವೆಯ ನೀರು ಸೇರುವುದು ನಿಂತರೆ ಅದೂ ನೈರ್ಮಲ್ಯವೇ ಅಲ್ಲವೇ ಎಂದುಕೊಂಡು ನಾನು "ಹೌದು ಮೇಡಂ" ಎಂದೆ. ಡ್ರೈವರು ಮಾತ್ರ ಒಮ್ಮೆ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, ಹಾರನ್ ಒತ್ತಿದ. ಎದುರಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ರಂಗೋಲಿ

ಮುಂದಿನ ವಾರ ಊರಿನ ನಕ್ಷೆ ಬಿಡಿಸುವ ಕಾರ್ಯಕ್ರಮ. ಕಾಗದದ ಮೇಲೆ ನಾವು ಬರೆಯಬಾರದು, ನೆಲದ ಮೇಲೆ ಜನರೇ ಬರೆಯಬೇಕು. ಅದಕ್ಕೆಂದು ಬಣ್ಣಬಣ್ಣದ ರಂಗೋಲಿ ಪುಡಿ ತಂದಿದ್ದೆವು. ಆಂಜನೇಯನ ಗುಡಿಯ ಮುಂದಿನ ಅಂಗಳವನ್ನು ಹೆಂಗಸರು ಸಗಣಿಯಿಂದ ಸಾರಿಸಿ ನಕ್ಷೆ ಹಾಕತೊಡಗಿದರು. ಮನೆಗಳು ಹಳದಿ, ತೋಪು ಹಸಿರು, ಕಾಲುವೆ ನೀಲಿ. ಒಬ್ಬಳಿಗೆ ಬೀದಿಗಳು ಓರೆಕೋರೆ ಇರುವುದು ಸರಿಕಾಣದೆ ನೆಟ್ಟಗೆ ಮಾಡಿದಳು. ಇನ್ನೊಬ್ಬಳು ನಾಲ್ಕು ಮೂಲೆಗೂ ಕಮಲ ಬಿಡಿಸಿದಳು. "ಊರಲ್ಲಿ ಇಷ್ಟೊಂದು ಕಮಲದ ಕೊಳ ಇದೆಯಾ?" ಎಂದು ಮೇಡಂ ಕೇಳಿದರೆ, "ಇಲ್ಲಮ್ಮ, ಮೂಲೆ ಬರಿದಾಗಿ ಬಿಡಬಾರದು" ಎಂದಳು.

"ತೊಂದರೆ ಇರೋ ಕಡೆ ಗುರುತು ಹಾಕಿ" ಎಂದಾಗ ಅಕ್ಕ ಹೋಗಿ ನೀಲಿ ಗೆರೆಯ ಮೇಲೆ ಒಂದು ಹಿಡಿ ಕುಂಕುಮ ಸುರಿದಳು.

ಅಷ್ಟರಲ್ಲಿ ಪೂಜಾರಪ್ಪ ಗುಡಿಯಿಂದ ಹೊರಗೆ ಬಂದ. ಸಾರಿಸಿದ ನೆಲ, ದೊಡ್ಡ ರಂಗೋಲಿ, ಕುಂಕುಮ, ಸುತ್ತ ಕೈಕಟ್ಟಿ ನಿಂತ ಜನ. ಅವನೇನೂ ಕೇಳಲಿಲ್ಲ. ಒಳಗೆ ಹೋಗಿ ದೀಪ ತಂದು ನಡುವೆ ಇಟ್ಟು ಮಂಗಳಾರತಿ ಎತ್ತಿಬಿಟ್ಟ. ಮೇಡಂ ಕೂಡ ತಟ್ಟೆಗೆ ಕಾಸು ಹಾಕಿ ಕಣ್ಣಿಗೊತ್ತಿಕೊಂಡರು. ನಾನೂ ಕೈಮುಗಿದೆ. ಮುಗಿಯದೆ ಇರುವುದು ಹೇಗೆ?

ಕಷ್ಟ ಶುರುವಾದದ್ದು ಆಮೇಲೆ. ನಕ್ಷೆಯ ಒಳಗೆ ನಿಂತು ಚರ್ಚೆ ಮಾಡಬೇಕಿತ್ತು. ಆರತಿ ಆದ ರಂಗೋಲಿಯನ್ನು ಮೆಟ್ಟಲು ಯಾರೂ ಒಪ್ಪಲಿಲ್ಲ. ಮೇಡಂ ಒಂದು ಕಾಲು ಎತ್ತಿದರೆ ಊರೇ "ಅಯ್ಯಯ್ಯೋ" ಎಂದಿತು. ಎಲ್ಲರೂ ಸುತ್ತ ನಿಂತು ದೂರದಿಂದ ಕೈತೋರಿಸಿ ಚರ್ಚೆ ಮಾಡುತ್ತಿರುವಾಗ ಅಕ್ಕನ ಸೀಮೆಹಸು ಹಗ್ಗ ಕಿತ್ತುಕೊಂಡು ಬಂದು, ನಕ್ಷೆಯ ಮೇಲಿನ ಬೀದಿಯಿಂದ ಹೊಕ್ಕು, ಕಾಲುವೆ ದಾಟಿ, ಡೈರಿಯ ಮುಂದೆ ನಿಂತು, ಸಗಣಿ ಹಾಕಿ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಫೋಟೋ ತೆಗೆಯಲು ಬಂದ ಮೇಡಂ ಆ ಗುಡ್ಡೆಯನ್ನು ದೂರದಿಂದ ನೋಡಿ ಕೇಳಿದರು: "ಇಲ್ಲೇನೋ ಗುರುತು ಹಾಕಿದ್ದಾರಲ್ಲ, ಇದೇನು?"

ಭಾವ ಗಂಭೀರವಾಗಿ ಹೇಳಿದ: "ಅದು ಮುಂದಿನ ಯೋಜನೆ ಮೇಡಂ. ಗೋಬರ್ ಗ್ಯಾಸು."

ಕೈ ತೊಳೆಯುವ ತರಬೇತಿ

ಮೋರಿಯ ಮೊದಲ ಹಂತ ಎಂದು ಆ ಊರಿಗೆ ಬಂದದ್ದು ಸಾಬೂನು. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಸೌಧ ಕಟ್ಟುವ ಮೊದಲು ಗಣಪತಿ ಪೂಜೆ ಇಲ್ಲವೇ, ಹಾಗೇ ಇದೂ ಇರಬೇಕು ಎಂದುಕೊಂಡೆ. ಪಟ್ಟಣದಿಂದ ಬಂದ ಹುಡುಗಿಯೊಬ್ಬಳು ಕೈ ತೊಳೆಯುವುದು ಹೇಗೆಂದು ಹಾಡಿ ಕುಣಿದು ಕಲಿಸಿದಳು. ಅಂಗೈ ಆಯಿತು, ಮುಂಗೈ ಆಯಿತು, ಬೆರಳ ಸಂದಿ ಆಯಿತು. ದಿನಾ ಕೆಚ್ಚಲು ತೊಳೆದು, ಕೈ ತೊಳೆದು, ಹಾಲು ಕರೆಯುವ ಹೆಂಗಸರು ಮದುವೆಮನೆಗೆ ಬಂದವರಂತೆ ಮರ್ಯಾದೆಯಿಂದ ನೋಡಿದರು.

ಮುಗಿದ ಮೇಲೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಲೇ, ಕೈ ತೊಳೆದಿದ್ದಾಯ್ತು. ಮೋರಿ ಎಲ್ಲೋ?"

"ಬರುತ್ತೆ ಇರಕ್ಕ. ಹಂತ ಹಂತವಾಗಿ ಬರುತ್ತೆ."

ಮಾರನೆಯ ಬೆಳಗ್ಗೆ ಅಕ್ಕ ಕಾಲುವೆಗೆ ಬಿದ್ದಳು. ಗುಂಡುಕಲ್ಲು ತನ್ನ ಧರ್ಮ ಪಾಲಿಸಿತ್ತು. ಮಂಡಿ ತರಚಿತು, ಅದು ಹೋಗಲಿ. ಕ್ಯಾನು ವಾಲಿ ಅರ್ಧ ಹಾಲು ಹೋಗಿ, ಆ ಜಾಗಕ್ಕೆ ಕಾಲುವೆಯ ನೀರು ಹೊಕ್ಕಿತು. ಅವಳಿಗೆ ಅದು ಗೊತ್ತಾಗಲಿಲ್ಲ. ಸೆರಗು ಹಿಂಡಿಕೊಂಡು ನೇರ ಡೈರಿಗೆ ಹೋಗಿ ಸರತಿಯಲ್ಲಿ ನಿಂತಳು. ಸೆಕ್ರೆಟರಿ ಹಾಲಿಗೆ ಅಳತೆಗೋಲು ಬಿಟ್ಟು ನೋಡಿ, ಎಲ್ಲರ ಎದುರಿಗೆ ಕೇಳಿಬಿಟ್ಟ: "ಏನಮ್ಮಾ, ನೀನೂ ನೀರು ಬೆರೆಸೋಕೆ ಶುರು ಮಾಡಿದ್ಯಾ?"

"ನಾನ್ ಬೆರೆಸಿದ್ದಲ್ಲ ಕಣಪ್ಪ, ಕಾಲುವೆ ಬೆರೆಸಿದ್ದು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸೆಕ್ರೆಟರಿ ಹಾಲು ವಾಪಸು ಕೊಟ್ಟ. ಅಂದಿನಿಂದ ಊರಲ್ಲಿ ಯಾರ ಹಾಲು ತೆಳ್ಳಗಿದ್ದರೂ "ಕಾಲುವೆ ಬೆರೆಸಿತಾ?" ಎನ್ನುವುದು ಗಾದೆಯಾಯಿತು. ಅಕ್ಕನಿಗೆ ಮಂಡಿ ನೋವಿಗಿಂತ ಅದು ನೋವು. ಮದುವೆಯಾಗಿ ಬಂದಾಗಿನಿಂದ ಅವಳ ಹಾಲಿಗೆ ಒಂದು ಮಾತು ಬಂದದ್ದಿಲ್ಲ.

ಸುದ್ದಿ ಕೇಳಿ ಓಡಿಹೋದೆ. ಮಂಡಿಗೆ ಅರಿಸಿನ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಳು. ನನ್ನ ಕಡೆ ಎರಡೂ ಅಂಗೈ ಚಾಚಿ ತೋರಿಸಿದಳು.

"ನೋಡ್ಕೋ. ಬೀಳೋವಾಗ ಕೈ ಮಾತ್ರ ಶುದ್ಧವಾಗಿತ್ತು."

ಅವಳು ಮುಂದುವರಿಸಿದಳು: "ಕೇಳು. ಗೌರಿ ಹಬ್ಬಕ್ಕೆ ಮೊರದ ಬಾಗಿನ ತರ್ತೀಯಲ್ಲ, ಈ ಸಲ ತರಬೇಡ. ಆಂಜನೇಯನಾಣೆ, ಕಾಲುವೆಗೆ ಮೋರಿ ಆಗೋವರ್ಗೂ ನಿನ್ನ ಮೊರ ನಮ್ಮ ಹೊಸಲು ದಾಟಬಾರದು. ಮೋರಿ ಇಲ್ಲದೆ ಮೊರ ಇಲ್ಲ."

ತವರಿನ ಬಾಗಿನ ಬೇಡ ಎಂದು ಅಕ್ಕ ಹೇಳುವುದು ಸಣ್ಣ ಮಾತಲ್ಲ. ನಮ್ಮಪ್ಪ ಹೋದ ಮೇಲೆ ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ತಲೆತಗ್ಗಿಸಿ ಹೊರಗೆ ಬಂದರೆ ಕಟ್ಟೆಯ ಮೇಲಿಂದ ಭಾವ ಸಮಾಧಾನ ಹೇಳಿದ: "ಬೇಜಾರಾಗಬೇಡ ಬಾಮರ್ದೀ. ನನಗೂ ಮುದ್ದೆ ಇಲ್ಲ ಅಂದಿದ್ದಾಳೆ. ನಿನಗೆ ವರ್ಷಕ್ಕೊಂದ್ಸಲ, ನನಗೆ ದಿನಾ."

ಬೈರಕೂರಿನ ಕಡೆ ಪ್ರವಾಸ

ಕಣ್ಣಾರೆ ಕಂಡರೆ ಜನ ಕಲಿಯುತ್ತಾರೆ ಎಂಬುದೂ ಒಂದು ತತ್ವವೇ. ಹಾಗಾಗಿ ಮುಳಬಾಗಿಲು ತಾಲ್ಲೂಕಿಗೆ, ಬೈರಕೂರಿನ ಕಡೆಯ ಒಂದು ಮಾದರಿ ಗ್ರಾಮಕ್ಕೆ ಹೆಂಗಸರನ್ನು ಕರೆದುಕೊಂಡು ಹೋದೆವು. ಆ ಊರಿನವರು ಇಂಥ ಎಷ್ಟೋ ಜೀಪುಗಳನ್ನು ಕಂಡವರು. ನಾವು ಇಳಿಯುತ್ತಿದ್ದಂತೆ ಹಾರ ಹಾಕಿದರು, ಸ್ವಾಗತ ಗೀತೆ ಹಾಡಿದರು. ನಮ್ಮವರು ದುಡ್ಡು ಕೊಡಲು ಬಂದವರೆಂದು ಅವರ ಲೆಕ್ಕ. ಅಲ್ಲಿನ ಹೆಂಗಸೊಬ್ಬಳು ಅಕ್ಕನ ಕೈಹಿಡಿದು, "ನಮಗೊಂದು ಸಮುದಾಯ ಭವನ ಆಗಬೇಕು ತಾಯಿ" ಎಂದಳು. ಅಕ್ಕ ಮೇಡಂ ಹೇಳುವ ಧಾಟಿಯಲ್ಲೇ, "ಬೇಕು ಅಂತ ನಿಮ್ಮ ಬಾಯಿಂದ ಬಂತಲ್ಲ, ಅಷ್ಟು ಸಾಕು. ಮೊದಲು ಕೈ ತೊಳ್ಕೊಳ್ಳಿ" ಎಂದಳು.

ಊರು ಸುತ್ತುವಾಗ ಅಕ್ಕ ಕಾಣೆಯಾದಳು. ಹುಡುಕಿದರೆ ಊರ ಹೊರಗೆ ಒಂದು ಹಳ್ಳಕ್ಕೆ ಅಡ್ಡವಾಗಿ ಹಾಕಿದ ಅಗಲವಾದ ಕಲ್ಲುಚಪ್ಪಡಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಅದನ್ನು ಎಳೆಗರುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದಾಳೆ.

"ಅಮ್ಮಾ, ಇದೇ ಮೋರಿ!" ಎಂದು ಮೇಡಮ್ಮಿಗೆ ಕೂಗಿ ಹೇಳಿದಳು.

ಮೇಡಂ ಬಗ್ಗಿ ನೋಡಿದರು. ಚಪ್ಪಡಿಯ ಕೆಳಗೆ ಊರಿನ ಬಚ್ಚಲ ನೀರು ಹರಿದುಹೋಗುತ್ತಿತ್ತು. "ಹೌದು, ಇದೇ ಮೋರಿ! ಎಷ್ಟು ಚೆನ್ನಾಗಿ ಹರೀತಿದೆ!"

"ಎಷ್ಟು ಗಟ್ಟಿಯಾಗಿದೆ ನೋಡಿ!"

"ಎಷ್ಟು ಆಳವಾಗಿದೆ!"

"ಇಂಥದೇ ಬೇಕು ತಾಯಿ."

"ಖಂಡಿತ ಇಂಥದೇ ಮಾಡೋಣ."

ಇಬ್ಬರೂ ಸಂತೋಷದಿಂದ ಅಪ್ಪಿಕೊಂಡರು. ನಾನೂ ಸಂತೋಷಪಟ್ಟೆ. ಸಂಜೆ ಮುಳಬಾಗಿಲಿನಲ್ಲಿ ಎಲ್ಲರನ್ನೂ ಚಹಾಕ್ಕೆ ಇಳಿಸಿದಾಗ ಡ್ರೈವರು ನನ್ನನ್ನು ಜೀಪಿನ ಹಿಂದಕ್ಕೆ ಕರೆದುಕೊಂಡು ಹೋದ. ಆಗಲೇ ಈ ಕಥೆ ನನಗೆ ಮೊದಲ ಸಲ ಕೇಳಿಸಿದ್ದು.

"ಅಣ್ಣಾ, ನಿಮ್ಮಕ್ಕ ಅನ್ನೋ ಮೋರಿ ಮೇಲಿಂದು. ಮೇಡಂ ಅನ್ನೋ ಮೋರಿ ಕೆಳಗಿಂದು. ನಮ್ಮ ಕಡೆ ಹಳ್ಳಕ್ಕೆ ಅಡ್ಡ ಹಾಕೋ ಕಲ್ಲಿಗೆ ಮೋರಿ ಅಂತಾರೆ. ಬೆಂಗಳೂರಲ್ಲಿ ಚರಂಡಿಗೆ ಮೋರಿ ಅಂತಾರೆ. ಮೊದಲನೇ ದಿನದಿಂದ ಆಯಮ್ಮ ಚರಂಡಿ ಮಾತಾಡ್ತಾ ಇದ್ದಾರೆ, ಈಯಮ್ಮ ಸೇತುವೆ ಮಾತಾಡ್ತಾ ಇದ್ದಾರೆ. ನಡುವೆ ನೀವು ಇಬ್ಬರಿಗೂ 'ಹೌದು ಹೌದು' ಅಂತೀರಿ."

ಚಹಾದ ಲೋಟ ಕೈಯಲ್ಲೇ ತಣ್ಣಗಾಯಿತು. "ಅಲ್ಲಯ್ಯಾ, ಮೊದಲನೇ ದಿನವೇ ಯಾಕೆ ಹೇಳಲಿಲ್ಲ?"

"ಹಾರನ್ ಹೊಡೆದೆನಲ್ಲಣ್ಣಾ."

ಜನರೇ ಮಾಡಬೇಕು

ಮಾರನೆಯ ದಿನವೇ ಆಫೀಸಿನಲ್ಲಿ ಮೇಡಂ ಮುಂದೆ ನಿಂತು ಅಷ್ಟನ್ನೂ ಹೇಳಿದೆ. ಅವರು ತಲೆಯ ಮೇಲೆ ಕೈಹೊತ್ತು ಕೂತರು.

"ಈಗೇನು ಮಾಡೋದು? ಚರಂಡಿ ಅಂತಾನೇ ಮೇಲಕ್ಕೆ ಕಳಿಸಿ ಒಪ್ಪಿಗೆ ಆಗಿದೆ."

"ಮೇಲಿನವರಿಗೆ ಹೇಳಿ ಬದಲಾಯಿಸಿದರೆ?"

ಮೇಡಂ ಫೋನ್ ಮಾಡಿ ಕೇಳಿದರು. ಆ ಕಡೆಯಿಂದ ಬಂದ ಉತ್ತರವನ್ನು ನನಗೂ ಕೇಳಿಸಿದರು. ಜನರೇ ಬಾಯಿಬಿಟ್ಟು ಕೇಳಿದ ಅಗತ್ಯವನ್ನು ನಾವು ಕೂತಲ್ಲೇ ಬದಲಾಯಿಸುವುದು ಜನರಿಗೆ ಮಾಡುವ ಅವಮಾನವಂತೆ.

ಹಾಗಾಗಿ ಜನರ ಗೌರವ ಕಾಪಾಡಲು ಚರಂಡಿ ತೋಡಲಾಯಿತು. ನಾವು ಸಾಮಾನು ಕೊಡುವುದು, ಊರವರು ಶ್ರಮದಾನ ಮಾಡುವುದು. "ಶ್ರಮ ನಮ್ಮದಂತೆ, ಸರಿ. ದಾನ ಯಾರಿಗೆ?" ಎಂದು ಭಾವ ಕೇಳಿದ. ಅವನಿಗೂ ಒಂದು ಗುದ್ದಲಿ ಕೊಟ್ಟೆವು. ಫೋಟೋ ತೆಗೆಯುವವರೆಗೆ ಅದನ್ನು ಎತ್ತಿ ಹಿಡಿದಿದ್ದ, ಆಮೇಲೆ ಅದೇ ಗುದ್ದಲಿಗೆ ಒರಗಿ ನಿದ್ದೆ ಮಾಡಿದ.

ಕೆಳಗಿನ ಬೀದಿಯ ಉದ್ದಕ್ಕೂ ತೋಡಿಕೊಂಡು ಹೋದರು. ನಮ್ಮ ಇಂಜಿನಿಯರು ನೀರು ಇಳಿದುಹೋಗುವ ವಾಟ ಹೇಗೆ ನೋಡಿದರೋ, ಚರಂಡಿ ಅಕ್ಕನ ಮನೆ ಬಾಗಿಲಿಗೂ ಕಾಲುವೆಗೂ ನಡುವೆ ಹಾದುಹೋಯಿತು. ವಾಟ ಹಿಂದುಮುಂದಾಗಿ ಒಂದು ತೊಟ್ಟು ನೀರೂ ಹರಿಯಲಿಲ್ಲ, ಅದು ಬೇರೆ ಮಾತು.

ಅಕ್ಕ ಕ್ಯಾನು ಹಿಡಿದು ಹೊಸಲಲ್ಲಿ ನಿಂತು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಮೊದಲು ದಾಟೋಕೆ ಒಂದಿತ್ತು ಕಣೋ. ಈಗ ಎರಡಾಯ್ತು. ನಿಮ್ಮದು ಅಭಿವೃದ್ಧಿ ಅಂದ್ರೆ ನಿಜವಾಗ್ಲೂ ಅಭಿವೃದ್ಧಿನೇ."

ಕಲ್ಲು

ಕೆಲಸ ಮುಗಿಯಿತೆಂದ ಮೇಲೆ ಅದಕ್ಕೊಂದು ಕಲ್ಲು ನೆಡಬೇಕು. ಮಾಲೂರಿನ ಕಡೆ ಕಲ್ಲು ಕೆತ್ತುವವರಿಗೆ ಮೊದಲೇ ಹೇಳಿಬಿಟ್ಟಿದ್ದರು. ಉದ್ಘಾಟನೆಗೆ ಬರುವ ಹಿರಿಯರು ಒಬ್ಬಿಬ್ಬರಲ್ಲ. ಒಬ್ಬರ ಹೆಸರು ಹಾಕಿ ಇನ್ನೊಬ್ಬರದು ಬಿಟ್ಟರೆ ಆಗುವುದಿಲ್ಲ. ಹೀಗಾಗಿ ಹೆಸರು ಹೆಚ್ಚಿದಂತೆಲ್ಲ ಕಲ್ಲು ಬೆಳೆಯಿತು. ಕೊನೆಗೆ ಲಾರಿಯಲ್ಲಿ ಬಂದಿಳಿದದ್ದು ಮಂಚಕ್ಕಿಂತ ಉದ್ದವಾದ, ಗಟ್ಟಿ ಬೂದುಗಲ್ಲಿನ ಚಪ್ಪಡಿ. ಹೆಸರುಗಳ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಕೆತ್ತಿತ್ತು: "ಈ ಮೋರಿಯನ್ನು ಊರಿನ ಜನರೇ ಕೇಳಿ, ಊರಿನ ಜನರೇ ಮಾಡಿ, ಊರಿನ ಜನರೇ ಕಾಪಾಡಿಕೊಂಡು ಬರುತ್ತಿದ್ದಾರೆ." ಮೂರೂ ತತ್ವ ಬಂದಿತ್ತು. ಚರಂಡಿಗೆ ಗುದ್ದಲಿ ಬೀಳುವ ಮೊದಲೇ ಅದನ್ನು ಕಾಪಾಡಿಕೊಂಡು ಬರುತ್ತಿದ್ದಾರೆ ಎಂದು ಕೆತ್ತಿಸಿದ್ದರು, ಅಷ್ಟು ನಂಬಿಕೆ.

ಹಿರಿಯರು ಬಂದರು, ಒರಗಿಸಿದ್ದ ಕಲ್ಲಿನ ಮೇಲಿನ ಪರದೆ ಎಳೆದರು, ಲಾಡು ತಿಂದು ಹೋದರು. ಕಲ್ಲನ್ನು ನೆಡಲು ಗುಂಡಿ ತೋಡುವವರು ನಾಳೆ ಬರುತ್ತೇವೆ ಎಂದವರು ಬರಲೇ ಇಲ್ಲ. ಕಲ್ಲು ಕಾಲುವೆಯ ಪಕ್ಕದಲ್ಲೇ ಮಲಗಿತು.

ಕೆಲವು ದಿನ ಕಳೆದು ಅಕ್ಕ ನನಗೆ ಫೋನ್ ಮಾಡಿದಳು. ಬಾಗಿನದ ಮಾತಾದ ಮೇಲೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಲೇ, ನೀನು ದೇವರು ದಿಂಡರು ಅಂತ ಮಾಡೋನು. ಒಂದು ಧರ್ಮಸೂಕ್ಷ್ಮ ಹೇಳು. ಅಕ್ಷರ ಅಂದ್ರೆ ಸರಸ್ವತಿ, ಅಲ್ವಾ?"

"ಹೌದಕ್ಕ."

"ಅಕ್ಷರ ತುಳಿದ್ರೆ ಪಾಪ?"

"ಪಾಪವೇ."

"ಅಕ್ಷರ ಕೆಳಗಿದ್ದು, ನಾವು ಹಿಂದುಗಡೆ ತುಳಿದ್ರೆ?"

ಕೆಲಸ ನೆನಪಾಯಿತು, ಸಂಬಳ ನೆನಪಾಯಿತು, ಗೌರಿ ಹಬ್ಬವೂ ನೆನಪಾಯಿತು. "ಮಕಾಡೆ ಇದ್ದರೆ ದೋಷ ಇಲ್ಲ ಅಂತ ಕಾಣುತ್ತಕ್ಕ. ಆದರೂ ಹಾಕುವಾಗ ಒಂದು ಸಲ ಕೈಮುಗಿದುಬಿಡಿ" ಎಂದೆ.

"ಏನ್ ಹಾಕೋದು? ನಾನೇನಾದ್ರೂ ಹಾಕ್ತೀನಿ ಅಂದ್ನಾ?" ಎಂದು ಫೋನ್ ಇಟ್ಟಳು.

ಜನರೇ ಕಾಪಾಡಬೇಕು

ಗೌರಿ ಹಬ್ಬಕ್ಕೆ ಮುಂಚಿನ ದಿನ ಕೆಲಸದ ಮೌಲ್ಯಮಾಪನ ಬಿತ್ತು. ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಬಿಳಿ ಪಂಚೆ, ಕಡಿಮೆ ಮಾತು, ಎಲ್ಲವನ್ನೂ ಮುಟ್ಟಿ ನೋಡುವ ಸ್ವಭಾವ. ಜೀಪಿನಲ್ಲಿ ಮೇಡಂ ಮೇಷ್ಟ್ರ ಪಕ್ಕ ಕೂತು ಒಳಗೊಳಗೇ ಬೆವರುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ. ನನ್ನ ಕಾಲ ಬಳಿ, ಬಟ್ಟೆ ಮುಚ್ಚಿದ ಒಂದು ಜೊತೆ ಮೊರ. ಅಕ್ಕ ಬೇಡವೆಂದರೂ ಹೆಂಡತಿ ಕಟ್ಟಿ ಕಳಿಸಿದ್ದಳು. "ತಗೊಳ್ಳದಿದ್ದರೆ ಜಗಲಿ ಮೇಲಿಟ್ಟು ಓಡಿ ಬನ್ನಿ" ಎಂದು ಉಪಾಯವನ್ನೂ ಹೇಳಿದ್ದಳು.

ಜೀಪು ಡೈರಿಯ ಬಳಿ ನಿಂತಿತು. ಇಳಿದು ನೋಡುತ್ತೇನೆ, ಕಾಲುವೆಗೆ ಅಡ್ಡಲಾಗಿ ಚಪ್ಪಡಿ ಬಿದ್ದಿದೆ! ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಸರಿಯಾಗಿ ನಡುವೆ. ಎರಡೂ ಕಡೆ ಅರಿಸಿನ ಕುಂಕುಮ. ಅದರ ಮೇಲೆ ಅಕ್ಕ ಸೊಂಟದ ಮೇಲೆ ಕ್ಯಾನು ಇಟ್ಟುಕೊಂಡು, ಒಂದು ತೊಟ್ಟು ತುಳುಕದೆ, ಮೆರವಣಿಗೆಯ ಗೌರಮ್ಮನ ಹಾಗೆ ನಡೆದು ಬರುತ್ತಿದ್ದಾಳೆ. ಡೈರಿಯ ಸೆಕ್ರೆಟರಿ ಬಾಗಿಲಲ್ಲಿ ನಿಂತು, "ಬಾಮ್ಮಾ ಬಾ, ನಿಂದು ಅಳೆದು ನೋಡೋದೇ ಬೇಡ" ಎನ್ನುತ್ತಿದ್ದಾನೆ.

"ಅಳೀಲೇಬೇಕು! ಎಲ್ಲರ ಎದುರಿಗೆ ಅಳೀಬೇಕು!" ಎಂದು ಅಕ್ಕ ಕ್ಯಾನು ಕುಕ್ಕಿದಳು. ಅವನು ಅಳತೆಗೋಲು ಬಿಟ್ಟ. ಗಟ್ಟಿ ಹಾಲು. ಸಾಲಿನಲ್ಲಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿ ಬಂದಳು.

ಮೇಷ್ಟ್ರು ಕೇಳಿದರು: "ಇಲ್ಲೊಂದು ನಾಮಫಲಕದ ಕಲ್ಲು ಇರಬೇಕಲ್ಲ, ಎಲ್ಲಿ?"

ಮೇಡಂ ನನ್ನನ್ನು ನೋಡಿದರು. ನಾನು ಭಾವನನ್ನು ನೋಡಿದೆ. ಭಾವ ಆಕಾಶ ನೋಡಿದ.

ಅಕ್ಕನೇ ಹೇಳಿದಳು: "ನೀವು ಅದರ ಮೇಲೇ ನಿಂತಿದ್ದೀರಿ ಸ್ವಾಮಿ."

ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ಬರಹ ಕಾಣ್ತಿಲ್ಲವಲ್ಲ?"

"ಸರಸ್ವತೀನ ತುಳಿಯೋಕಾಗುತ್ತಾ? ಮಕಾಡೆ ಹಾಕಿದ್ದೀವಿ. ನಮ್ಮ ತಮ್ಮನೇ ಶಾಸ್ತ್ರ ಹೇಳಿದ್ದು."

ಮೇಡಂ ನನ್ನ ಕಡೆ ತಿರುಗಿದರು. ನಾನು ಮನಸ್ಸಿನಲ್ಲೇ ಆಂಜನೇಯನನ್ನು ನೆನೆದೆ.

ಮೇಷ್ಟ್ರು ಬರಹ ನೋಡದೆ ಬಿಡುವವರಲ್ಲ. ಪಂಚೆ ಎತ್ತಿಕಟ್ಟಿ ಕಾಲುವೆಗೆ ಇಳಿದು, ಬಗ್ಗಿ ಚಪ್ಪಡಿಯ ಕೆಳಗೆ ಹೋದರು. ಒಳಗಿನಿಂದ ಗುಹೆಯೊಳಗಿನ ಋಷಿಯ ಹಾಗೆ ಅವರ ದನಿ ಗುಂಯ್‌ಗುಟ್ಟುತ್ತಾ ಬಂತು:

"ಈ ಮೋರಿಯನ್ನು... ಊರಿನ ಜನರೇ ಕೇಳಿ... ಊರಿನ ಜನರೇ ಮಾಡಿ... ಊರಿನ ಜನರೇ ಕಾಪಾಡಿಕೊಂಡು ಬರುತ್ತಿದ್ದಾರೆ."

ಆಮೇಲೆ ಪಂಚೆಗೆಲ್ಲ ಪಾಚಿ ಹತ್ತಿದ ಮೇಷ್ಟ್ರು ಹೊರಗೆ ಬಂದು ಕೇಳಿದರು: "ಅಮ್ಮಾ, ಈ ಮೋರಿ ಕೇಳಿದವರು ಯಾರು?"

"ನಾನೇ ಸ್ವಾಮಿ."

"ಹಾಕಿದವರು?"

"ನಾವೇ. ಎರಡು ಬೀದಿಯೋರೂ ಸೇರಿ. ಹಾರೆ ಹಾಕಿ ಉರುಳಿಸಿದ್ವಿ."

"ಯಾರಾದರೂ ಇದನ್ನ ಕಿತ್ತುಕೊಂಡು ಹೋಗಿ ನೆಡೋಣ ಅಂತ ಬಂದರೆ?"

ಹೆಂಗಸರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಪಕ್ಕದ ಮನೆಯ ಮುದುಕಿ ಕೋಲು ಎತ್ತಿ ಹಿಡಿದು "ರಾನಿ ಚೂಸ್ತಾಂ" ಎಂದಳು. ಬರಲಿ, ನೋಡಿಕೊಳ್ತೀವಿ ಎಂದು ಅರ್ಥ. ಕೋಲು ನೋಡಿದರೆ ಅರ್ಥ ಹೇಳಬೇಕಾಗಿರಲಿಲ್ಲ.

ಮೇಷ್ಟ್ರು ಮೇಡಂ ಕಡೆ ತಿರುಗಿದರು. "ನಾನು ಎಷ್ಟೋ ಕಲ್ಲು ಓದಿದ್ದೀನಮ್ಮ. ಬರೆದದ್ದೂ ನಡೆದದ್ದೂ ಒಂದೇ ಆಗಿರೋ ಕಲ್ಲು ಇದೊಂದೇ."

ಮೇಡಂ ಮೊದಲು ನಕ್ಕರು, ಆಮೇಲೆ ಚಪ್ಪಡಿಯ ಮೇಲೇ ಕೂತು ಕಣ್ಣೀರು ಬರುವವರೆಗೆ ನಕ್ಕರು. ಈ ಸಲ ಅವರು ಕೂತಾಗ ಅಕ್ಕನೂ ಪಕ್ಕದಲ್ಲಿ ಕೂತಳು. ಮೇಷ್ಟ್ರಿಗೆ ಮಾತ್ರ ಸಂಶಯ ಉಳಿದಿತ್ತು. ಕೆಳಗಿನ ಬೀದಿಯ ಉದ್ದಕ್ಕೂ ತೋಡಿದ್ದ ನಮ್ಮ ಒಣ ಚರಂಡಿಯ ಕಡೆ ಕೈತೋರಿಸಿದರು. ಅದರೊಳಗೆ ಭಾವನ ಕೋಳಿಯೊಂದು ಮರಿಗಳನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಿತ್ತು.

"ಇದು ಮೋರಿ ಸರಿ. ಹಾಗಾದರೆ ಅದೇನು?"

ಅಷ್ಟು ಹೊತ್ತೂ ಆಕಾಶ ನೋಡುತ್ತಿದ್ದ ಭಾವ ಈಗ ಕೈಮುಗಿದು ಹೇಳಿದ:

"ಅದು ಅಭಿವೃದ್ಧಿ ಸ್ವಾಮಿ."

ಆ ನಗೆ ಮುಗಿಯುವ ಮೊದಲೇ ಅಕ್ಕ ನನ್ನ ಕಡೆ ತಿರುಗಿ, "ಏನ್ಲಾ ನಿಂತಿದ್ದೀಯ? ಜೀಪಲ್ಲಿ ಬಚ್ಚಿಟ್ಟಿರೋ ಮೊರ ತಗೊಂಡ್ ಬಾ. ಮೋರಿ ಮೇಲೇ ಬಾ, ಗುಂಡುಕಲ್ಲು ಹಾರಿ ಬರಬೇಡ" ಎಂದಳು. ಮೊರ ಎದೆಗವುಚಿಕೊಂಡು ಕಲ್ಲಿನಲ್ಲಿ ಮಕಾಡೆ ಮಲಗಿದ್ದ ಆ 'ಹಿರಿಯರೆಲ್ಲರ' ಬೆನ್ನ ಮೇಲೆ ನಿಧಾನವಾಗಿ ದಾಟಿದೆ. ಡ್ರೈವರು ಜೀಪಿನೊಳಗಿಂದ ಒಂದು ಸಲ ಹಾರನ್ ಹೊಡೆದ. ಈ ಸಲ ಅದು ನನಗೆ ಅರ್ಥವಾಯಿತು.

ಓದಿದ ಮೇಲೆ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಇನ್ನೊಬ್ಬರಿಗೆ ಹೇಳಿ. ಆದರೆ ಶುರುಮಾಡುವ ಮೊದಲು, ಅವರೂರಿನಲ್ಲಿ ಮೋರಿ ಅಂದರೆ ಮೇಲಿನದೋ ಕೆಳಗಿನದೋ ಎಂದು ಒಂದು ಮಾತು ಕೇಳಿಕೊಂಡುಬಿಡಿ.